ಹಾಡು ಅವರದು, ದನಿ ಇವರದು, ಹೆಸರು ಮಾತ್ರ ನನ್ನದು!

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನೂ ಒಮ್ಮೆ ಹಾಡು ಕದ್ದವನು!

ಗಾಬರಿ ಬೇಡ ಗೆಳೆಯರೇ. ಪೊಲೀಸು, ಕೋರ್ಟು ಏನೂ ಆಗಲಿಲ್ಲ. ನಡೆದದ್ದು ಬರೇ ಹತ್ತು ರೂಪಾಯಿ ವ್ಯವಹಾರ. ಆದರೆ ಆ ಹತ್ತು ರೂಪಾಯಿ ಇವತ್ತಿಗೂ ನನ್ನನ್ನು ಚುಚ್ಚುತ್ತಿದೆ. ಆ ಕತೆ ಹೇಳುವ ಮುಂಚೆ ನಿಮ್ಮನ್ನು ಸ್ವಲ್ಪ ದೂರ, ಅಮೆರಿಕದವರೆಗೆ ಕರೆದುಕೊಂಡು ಹೋಗಬೇಕು. ಟಿಕೆಟ್ ನನ್ನದೇ, ಬನ್ನಿ!

ಪಿಯುಸಿ ಅರ್ಧಕ್ಕೆ ಬಿಟ್ಟವನಿಗೆ ಅಮೆರಿಕದ ಹಾಡಿನ ಉಸಾಬರಿ ಯಾಕಪ್ಪಾ ಅಂತೀರಾ? ಕಾರಣ ಉಂಟು. ಅಕೌಂಟೆನ್ಸಿಗೂ ನನಗೂ ಆಗಿಬರಲಿಲ್ಲ. 2014ರಲ್ಲಿ, ಹದಿನೇಳನೆಯ ವಯಸ್ಸಿಗೆ, ತಿಪಟೂರಿನ ಬಸ್ ಸ್ಟ್ಯಾಂಡ್ ಹತ್ತಿರ ಒಂದು ಮೊಬೈಲ್ ಅಂಗಡಿ ಸೇರಿದೆ. ಕರೆನ್ಸಿ ಹಾಕೋದು, ಸ್ಕ್ರೀನ್ ಗಾರ್ಡ್ ಅಂಟಿಸೋದು, ಎಲ್ಲಕ್ಕಿಂತ ಹೆಚ್ಚಾಗಿ ಮೆಮೊರಿ ಕಾರ್ಡಿಗೆ ಹಾಡು ತುಂಬೋದು. ಇದು ನನ್ನ ಉದ್ಯೋಗ. ಅಂಗಡಿಯ ಕಂಪ್ಯೂಟರಿನಲ್ಲಿ ಅಣ್ಣಾವ್ರದ್ದೊಂದು ಫೋಲ್ಡರ್, ವಿಷ್ಣು ದಾದಾದೊಂದು, ಭಕ್ತಿಗೀತೆಯದೊಂದು, ಡಿಜೆಯದೊಂದು. ಕಟ್ಟಕಡೆಯಲ್ಲಿ ಯಾರೂ ಕೇಳದ ಇನ್ನೊಂದು: 'ಇಂಗ್ಲಿಷ್ ಓಲ್ಡ್'.

ಒಂದು ದಿನ ಇಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬಂದು 'ರೆಸ್ಪೆಕ್ಟ್' ಅನ್ನುವ ಹಾಡು ಕೇಳಿದ. ಹಾಕಿಕೊಟ್ಟೆ. ಅರ್ಧ ಗಂಟೆಗೆ ವಾಪಸ್ ಬಂದ.

"ಬಾಸ್, ಇದು ಹೆಂಗಸು ಹಾಡಿರೋದು. ನನಗೆ ಗಂಡಸು ಹಾಡಿರೋದು ಬೇಕು."

"ಹಾಡು ಅದೇ ತಾನೇ? ಯಾರು ಹಾಡಿದರೇನು?" ಅಂದೆ.

ಆತ ನನ್ನ ಮುಖವನ್ನೇ ನೋಡಿ ನಕ್ಕ. "ಅಣ್ಣಾವ್ರ ಹಾಡನ್ನ ಬೇರೆಯವ್ರು ಹಾಡಿ ಕೊಟ್ರೆ ನೀನು ತಗೋತೀಯಾ?"

ಉತ್ತರವಿಲ್ಲದೆ ನಿಂತೆ. ಆ ರಾತ್ರಿ ಅಂಗಡಿ ಬಾಗಿಲು ಹಾಕಿದ ಮೇಲೆ ಗಂಡಸಿನ ಹಾಡು, ಹೆಂಗಸಿನ ಹಾಡು ಎರಡನ್ನೂ ಹುಡುಕಿ ಕೇಳಿದೆ. ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ.

ಗಂಡನ ಹಾಡು ಹೆಂಡತಿಯ ಪಾಲಿಗೆ

'ರೆಸ್ಪೆಕ್ಟ್' ಬರೆದು, ಮೊದಲು ಹಾಡಿದವನು ಓಟಿಸ್ ರೆಡ್ಡಿಂಗ್. ಜಾರ್ಜಿಯಾ ರಾಜ್ಯದ ಕರಿಯ ಯುವಕ, ಸೋಲ್ ಸಂಗೀತದ ದೊಡ್ಡ ಗಂಟಲು. 1965ರಲ್ಲಿ ಅವನು ಹಾಡಿದಾಗ ಅದು ದುಡಿದು ಮನೆಗೆ ಬರುವ ಗಂಡಸಿನ ಹಾಡು. ಸಂಪಾದನೆಯೆಲ್ಲ ನಿನ್ನ ಕೈಗೇ ಕೊಡ್ತೀನಿ, ಮನೆಗೆ ಬಂದಾಗ ಸ್ವಲ್ಪ ಮರ್ಯಾದೆ ಕೊಡು ಅನ್ನುವ ಧಾಟಿ. ಚೆನ್ನಾಗಿಯೇ ಓಡಿತು.

1967ರ ಫೆಬ್ರವರಿ 14ರಂದು ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಅರೀಥಾ ಫ್ರಾಂಕ್ಲಿನ್ ಇದೇ ಹಾಡನ್ನು ಕೈಗೆತ್ತಿಕೊಂಡಳು. ಆಗ ಅವಳಿಗೆ 24 ವರ್ಷ. ಜೊತೆಗೆ ಹಾಡಲು ತಂಗಿ, ಅಕ್ಕ. ಆ ಒಂದು ಪದದ ಏಳು ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ, ಸುತ್ತಿಗೆಯಿಂದ ಮೊಳೆ ಹೊಡೆದ ಹಾಗೆ ಹಾಡಿದಳು. ಓಟಿಸನ ಹಾಡಿನಲ್ಲಿ ಅದು ಇರಲೇ ಇಲ್ಲ! ನಡುವೆ ಸ್ಯಾಕ್ಸೋಫೋನ್ ಸೇರಿತು. ಕೇಳುವವನು ಗಂಡಸಲ್ಲ, ಹೆಂಗಸು ಅಂದ ಕೂಡಲೇ ಹಾಡಿನ ಅರ್ಥವೇ ತಿರುಗಿ ನಿಂತಿತು. ಮರ್ಯಾದೆಗಾಗಿ ಹೋರಾಡುತ್ತಿದ್ದ ಹೆಂಗಸರಿಗೂ ಕರಿಯರಿಗೂ ಅದೇ ಘೋಷಣೆಯಾಯಿತು. ಆ ವರ್ಷದ ಜೂನ್‌ನಲ್ಲಿ ಅಮೆರಿಕದ ಪಟ್ಟಿಯಲ್ಲಿ ಮೊದಲನೆಯ ಸ್ಥಾನ!

ಅದೇ ಜೂನ್ ತಿಂಗಳು ಮಾಂಟೆರೆ ಎಂಬಲ್ಲಿ ಭಾರೀ ಸಂಗೀತೋತ್ಸವ. ವೇದಿಕೆಗೆ ಬಂದ ಓಟಿಸ್, ಒಬ್ಬ ಹುಡುಗಿ ಈ ಹಾಡನ್ನು ತನ್ನಿಂದ ಕಿತ್ತುಕೊಂಡುಬಿಟ್ಟಳು ಅಂತ ತಮಾಷೆಯಾಗಿ ಹೇಳಿ, ಆಮೇಲೆ ತಾನೂ ಅದನ್ನು ಹಾಡಿದ. ಎಂಥ ದೊಡ್ಡ ಮನಸ್ಸು ನೋಡಿ! ಅದೇ ವರ್ಷದ ಡಿಸೆಂಬರ್ 10ರಂದು ವಿಮಾನ ಕೆರೆಗೆ ಬಿದ್ದು ತೀರಿಕೊಂಡ. ವಯಸ್ಸು 26.

ಹಣ ಯಾರಿಗೆ, ಹೆಸರು ಯಾರಿಗೆ?

ಇಲ್ಲೊಂದು ವಿಚಿತ್ರ ಕೇಳಿ. ಅಮೆರಿಕದ ಎ.ಎಂ., ಎಫ್.ಎಂ. ರೇಡಿಯೋದಲ್ಲಿ ಹಾಡು ಮೊಳಗಿದರೆ ಬರೆದವನಿಗೆ ದುಡ್ಡು ಸಲ್ಲುತ್ತದೆ, ಹಾಡಿದವನಿಗಿಲ್ಲ. ಅರೀಥಾ 2018ರಲ್ಲಿ ತೀರಿಕೊಳ್ಳುವವರೆಗೂ ಆ ರೇಡಿಯೋಗಳು ಅವಳ ದನಿಯಲ್ಲಿ 'ರೆಸ್ಪೆಕ್ಟ್' ಹಾಕಿದಾಗೆಲ್ಲ ಕಾಸು ಹೋದದ್ದು ಓಟಿಸನ ಲೆಕ್ಕಕ್ಕೆ. ಹೆಸರು ಅವಳಿಗೆ, ಹಣ ಅವನ ಮನೆಯವರಿಗೆ. ಒಂದು ರೀತಿಯಲ್ಲಿ ತಕ್ಕಡಿ ಸಮವಾಯಿತು ಅನ್ನಿ.

ಆದರೆ ಎಲ್ಲರ ತಕ್ಕಡಿಯೂ ಹೀಗೆ ಸಮ ಆಗಲಿಲ್ಲ.

ಎಲ್ವಿಸ್ ಪ್ರೆಸ್ಲಿ ಗೊತ್ತಲ್ಲ? ಸೊಂಟ ಕುಣಿಸಿ ಜಗತ್ತನ್ನೇ ಕುಣಿಸಿದ ರಾಜ. 1956ರಲ್ಲಿ ಅವನನ್ನು ಮನೆಮಾತು ಮಾಡಿದ ಹಾಡುಗಳಲ್ಲಿ 'ಹೌಂಡ್ ಡಾಗ್' ಒಂದು. ಅದು ಅವನದೇ ಅಂತ ನಾನೂ ನಂಬಿದ್ದೆ. ಅಲ್ಲ ಸ್ವಾಮಿ! ಲೀಬರ್ ಮತ್ತು ಸ್ಟಾಲರ್ ಎಂಬ ಹತ್ತೊಂಬತ್ತು ವರ್ಷದ ಇಬ್ಬರು ಹುಡುಗರು ಅದನ್ನು ಕಟ್ಟಿಕೊಟ್ಟದ್ದು ಬಿಗ್ ಮಾಮಾ ಥಾರ್ನ್‌ಟನ್ ಎಂಬ ಕರಿಯ ಗಾಯಕಿಗೆ. 1952ರಲ್ಲಿ ಆಕೆ ಹಾಡಿದಳು. ಮುಂದಿನ ವರ್ಷ ಕರಿಯರ ಸಂಗೀತದ ಪಟ್ಟಿಯಲ್ಲಿ ಏಳು ವಾರ ಅದೇ ಮೊದಲು. ಆಕೆಯ ಗುಡುಗಿನಂಥ ದನಿ ಕೇಳಿದರೆ ಎಲ್ವಿಸ್ ಮಗುವಿನ ಹಾಗೆ ಕಾಣುತ್ತಾನೆ!

ಎಲ್ವಿಸನ ತಟ್ಟೆ ಲಕ್ಷಗಟ್ಟಲೆ ಮಾರಿತು. ಬರೆದ ಹುಡುಗರಿಗೂ ದುಡ್ಡು ಬಂತು. ಬಿಗ್ ಮಾಮಾ ಬರೆದವಳಲ್ಲ, ಹಾಡಿದವಳು ಮಾತ್ರ. ಹಾಗಾಗಿ ಆಕೆಗೆ ಅದರಲ್ಲಿ ಸಿಕ್ಕಿದ್ದು ಸೊನ್ನೆ. ತನಗೆ ಈ ಹಾಡಿನಿಂದ ಒಟ್ಟು ಬಂದದ್ದು 500 ಡಾಲರಿನ ಒಂದು ಚೆಕ್ಕು ಅಂತ ಆಕೆ ಹೇಳಿಕೊಂಡಿದ್ದಳು. 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡಳು.

ಇದೇ ಕವರ್ ಹಾಡಿನ ಗುಟ್ಟು. ಒಮ್ಮೆ ಹಾಡು ಮುದ್ರಣವಾಗಿ ಹೊರಬಂತೆಂದರೆ, ಬರೆದವನಿಗೆ ನಿಗದಿಯಾದ ದುಡ್ಡು ಕೊಟ್ಟು ಯಾರು ಬೇಕಾದರೂ ಮತ್ತೆ ಹಾಡಬಹುದು. ಅಮೆರಿಕದಲ್ಲಿ 1909ರಿಂದಲೇ ಈ ಕಾನೂನು. ಆಗ ಪ್ರತಿಯೊಂದಕ್ಕೆ 2 ಸೆಂಟ್. ಮೊದಲು ಹಾಡಿದವನ ದನಿ, ಅವನು ಹಾಕಿದ ತಿರುವು, ತುಂಬಿದ ಜೀವ... ಇವಕ್ಕೆ ಬೆಲೆ ಬರೆದವರಿಲ್ಲ.

ಹಾಗಂತ ಕವರ್ ಹಾಡೆಂದರೆ ಕಳ್ಳತನ ಅಂತ ತೀರ್ಪು ಕೊಟ್ಟೀರಿ, ಜೋಕೆ! ಬಾಬ್ ಡಿಲನ್ 1967ರಲ್ಲಿ 'ಆಲ್ ಅಲಾಂಗ್ ದ ವಾಚ್‌ಟವರ್' ಹಾಡಿದಾಗ ಅದೊಂದು ಮೆಲುದನಿಯ ಹಾಡು. ಒಂದು ಗಿಟಾರು, ಒಂದು ಮೌತ್ ಆರ್ಗನ್ನು ಅಷ್ಟೇ ಎದ್ದು ಕೇಳುತ್ತದೆ. 1968ರಲ್ಲಿ ಜಿಮಿ ಹೆಂಡ್ರಿಕ್ಸ್ ತನ್ನ ಎಲೆಕ್ಟ್ರಿಕ್ ಗಿಟಾರಿನಿಂದ ಅದಕ್ಕೆ ಬಿರುಗಾಳಿ ಎಬ್ಬಿಸಿದ. ಆಮೇಲೆ ಸ್ವತಃ ಡಿಲನ್ನೇ ವೇದಿಕೆಯಲ್ಲಿ ತನ್ನ ಹಾಡನ್ನು ಹೆಂಡ್ರಿಕ್ಸ್‌ನ ಧಾಟಿಯಲ್ಲಿ ಹಾಡತೊಡಗಿದ! ಅಪ್ಪನೇ ಮಗನ ನಡಿಗೆ ಕಲಿತ ಹಾಗೆ.

ಸತ್ತವನನ್ನು ಕುಣಿಸಿದ ರೀಮಿಕ್ಸ್

ಕವರ್ ಬೇರೆ, ರೀಮಿಕ್ಸ್ ಬೇರೆ. ಕವರಿನಲ್ಲಿ ಹೊಸಬ ಹೊಸದಾಗಿ ಹಾಡಬೇಕು, ಗಂಟಲು ಅವನದೇ. ರೀಮಿಕ್ಸಿನಲ್ಲಿ ಹಳೆಯ ದನಿ ಹಾಗೇ ಇರುತ್ತದೆ, ಸುತ್ತಲ ತಾಳ ಮೇಳ ಬದಲಾಗುತ್ತದೆ. 1970ರ ದಶಕದಲ್ಲಿ ನ್ಯೂಯಾರ್ಕಿನ ಟಾಮ್ ಮೌಲ್ಟನ್, ಕುಣಿಯುವವರಿಗೆ ಮೂರು ನಿಮಿಷದ ಹಾಡು ಸಾಲದೆಂದು ಅದನ್ನು ಕತ್ತರಿಸಿ, ಅಂಟಿಸಿ ಉದ್ದ ಮಾಡಿದ. ಅಲ್ಲಿಂದ ಈ ವಿದ್ಯೆ ಬೆಳೆಯಿತು.

ಚಿತ್ರರಸಿಕರಾದ ನಿಮಗೆ ಒಂದು ಸ್ವಾರಸ್ಯ. ಎಲ್ವಿಸ್ 1968ರಲ್ಲಿ ಒಂದು ಚಿತ್ರಕ್ಕೆ ಹಾಡಿದ 'ಎ ಲಿಟ್ಲ್ ಲೆಸ್ ಕಾನ್ವರ್ಸೇಷನ್' ಆಗ ಅಷ್ಟೇನೂ ಓಡಿರಲಿಲ್ಲ. 2002ರಲ್ಲಿ ಜೆಎಕ್ಸ್‌ಎಲ್ ಎಂಬ ಹೆಸರಿನಲ್ಲಿ ಹಾಲೆಂಡಿನ ಟಾಮ್ ಹೋಲ್ಕೆನ್‌ಬೋರ್ಗ್ ಅದಕ್ಕೆ ಹೊಸ ಬೀಟು ಕಟ್ಟಿದ. ವಿಶ್ವಕಪ್ ಫುಟ್‌ಬಾಲಿನ ಜಾಹೀರಾತಿನಲ್ಲಿ ಬಂತು. ಎಲ್ವಿಸ್ ಸತ್ತು 25 ವರ್ಷವಾದ ಮೇಲೆ ಬ್ರಿಟನ್ನಿನಲ್ಲಿ ಮತ್ತೆ ಮೊದಲನೆಯ ಸ್ಥಾನ! ಈ ಹೋಲ್ಕೆನ್‌ಬೋರ್ಗನೇ ಮುಂದೆ 2015ರ 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಚಿತ್ರಕ್ಕೆ ಸಂಗೀತ ಕೊಟ್ಟವನು. ಆದರೆ ಗಮನಿಸಿ. ರೀಮಿಕ್ಸಿಗೆ ಮುಂಚೆ ಎಲ್ವಿಸನ ವಾರಸುದಾರರ ಒಪ್ಪಿಗೆ ಪಡೆದಿದ್ದ. ತಟ್ಟೆಯ ಮೇಲೆ ಎಲ್ವಿಸನ ಹೆಸರು ಮೊದಲು, ಅವನದು ಆಮೇಲೆ.

ಇನ್ನು ನನ್ನ ರೀಮಿಕ್ಸಿನ ಕತೆ...

ಹತ್ತು ರೂಪಾಯಿ

ನಮ್ಮೂರಿನ ಗಣೇಶನ ಪೆಂಡಾಲಿನಲ್ಲಿ ವರ್ಷಾ ವರ್ಷಾ ಹಾಡುತ್ತಿದ್ದ ಒಬ್ಬ ಆರ್ಕೆಸ್ಟ್ರಾ ಗಾಯಕರಿದ್ದರು. ಐವತ್ತರ ಆಸುಪಾಸು. ಹಳೆಯ ಹಾಡಿಗೆ ಅವರದೇ ದನಿ. ಪ್ರತಿ ಹಾಡಿಗೂ ಮುಂಚೆ ಮೈಕ್ ಹಿಡಿದು ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಮೂಲ ಗಾಯಕರು ಯಾರು ಅಂತ ಹೇಳಿಯೇ ಶುರುಮಾಡುತ್ತಿದ್ದರು. "ಬೇಗ ಹಾಡ್ರಣ್ಣೋ" ಅಂತ ನಾವು ಶಿಳ್ಳೆ ಹಾಕುತ್ತಿದ್ದೆವು.

2014ರ ಹಬ್ಬದಲ್ಲಿ ಅವರು 'ಕಸ್ತೂರಿ ನಿವಾಸ'ದ ಹಾಡು ಹಾಡಿದರು. ಸೌಂಡ್ ಸಿಸ್ಟಮ್ಮಿನ ಹುಡುಗ ನನ್ನ ದೋಸ್ತು. ಮಿಕ್ಸರಿನಿಂದ ನೇರವಾಗಿ ಪೆನ್‌ಡ್ರೈವಿಗೆ ಇಳಿಸಿಕೊಟ್ಟ. ನಾನು ಅಂಗಡಿಯ ಕಂಪ್ಯೂಟರಿನಲ್ಲಿ ಕೂತು, ಶುರುವಿನಲ್ಲಿ ಅವರು ಹೇಳಿದ್ದ ಹೆಸರುಗಳನ್ನೆಲ್ಲ ಕತ್ತರಿಸಿ ಬಿಸಾಕಿ, ಹಾಡಿಗೆ ಡಮ ಡಮ ಬೀಟು ಸೇರಿಸಿದೆ. ಹೆಸರು ಇದ್ದ ಜಾಗದಲ್ಲಿ ನನ್ನದೇ ದನಿಯಲ್ಲಿ, ನನ್ನದೇ ಡಿಜೆ ಹೆಸರು! ನವೆಂಬರಿನಲ್ಲಿ 1971ರ ಆ ಕಪ್ಪು-ಬಿಳುಪು ಚಿತ್ರ ಬಣ್ಣ ತುಂಬಿಕೊಂಡು ಮತ್ತೆ ತೆರೆಗೆ ಬಂತು. ಎಲ್ಲೆಲ್ಲೂ ಅದರದೇ ಮಾತು. ನನ್ನ ಮಿಕ್ಸಿಗೂ ಗಿರಾಕಿ ಏರಿದರು. ಕಾರ್ಡಿಗೆ ಹತ್ತು ರೂಪಾಯಿ. ನಾನೇ ಹೆಂಡ್ರಿಕ್ಸ್ ಅಂದುಕೊಂಡು ಎದೆ ಉಬ್ಬಿಸಿದೆ.

2015ರ ಹಬ್ಬ ಬಂತು. ಪೆಂಡಾಲಿನ ಹುಡುಗರು ಆರ್ಕೆಸ್ಟ್ರಾ ಬೇಡ ಅಂದರು. ಮೆರವಣಿಗೆಗೆ ಟ್ರ್ಯಾಕ್ಟರಿನ ಮೇಲೆ ಡಿಜೆ. ಅದರಲ್ಲಿ ಮೊಳಗಿದ್ದು ನನ್ನ ಮಿಕ್ಸು! ಅಂದರೆ ಆ ಅಣ್ಣನ ಕೆಲಸವನ್ನು ಕಿತ್ತುಕೊಂಡದ್ದು ಆ ಅಣ್ಣನದೇ ದನಿ.

ಮೆರವಣಿಗೆಯ ಮಾರನೇ ದಿನ ಅವರು ಅಂಗಡಿಗೆ ಬಂದರು. ಕೈಯಲ್ಲಿ ಹಳೇ ಬಟನ್ ಫೋನು.

"ಏನಪ್ಪಾ, ನಿನ್ನೆ ಹಾಕಿದ್ರಲ್ಲ, ಕಸ್ತೂರಿ ನಿವಾಸದ್ದು... ಅದು ಐತಾ? ಇದಕ್ಕೆ ಹಾಕ್ಕೊಡು."

ನನ್ನ ಕೈ ನಡುಗಿತು. ಹಾಕಿಕೊಟ್ಟೆ. ಅಂಗಡಿಯಲ್ಲೇ ನಿಂತು ಪೂರ್ತಿ ಕೇಳಿದರು. ನನ್ನ ಡಿಜೆ ಹೆಸರು ಬಂದಾಗ ತಲೆ ಎತ್ತಿ ನನ್ನನ್ನೊಮ್ಮೆ ನೋಡಿದರು. ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು!

"ಹಾಡು ನಂದಲ್ಲ ಕಣಪ್ಪಾ. ಉದಯಶಂಕರ್ ಅವ್ರದ್ದು, ವೆಂಕಟೇಶ್ ಅವ್ರದ್ದು, ಪಿ.ಬಿ. ಶ್ರೀನಿವಾಸ್ ಅವ್ರದ್ದು. ಅವ್ರ ಹೆಸರು ಹೇಳ್ದೆ ನಾನು ಒಂದಿನಾನೂ ಬಾಯಿ ಬಿಟ್ಟಿಲ್ಲ. ನೀನೂ ಒಂದು ಹೆಸರು ಹೇಳ್ಬೋದಿತ್ತು."

ಅಷ್ಟು ಹೇಳಿ ಹತ್ತು ರೂಪಾಯಿ ನೋಟನ್ನು ಗಾಜಿನ ಮೇಲಿಟ್ಟರು. "ಬೇಡಣ್ಣಾ" ಅಂದೆ. "ಎಲ್ರೂ ಕೊಟ್ಟವ್ರಲ್ಲ, ಇಟ್ಕೋ" ಅಂದು ಹೋದರು.

ಬಿಗ್ ಮಾಮಾಳ 500 ಡಾಲರಿನ ಕತೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಓದಿದಾಗ ಕಣ್ಣೆದುರು ಬಂದದ್ದು ಆ ನೋಟು. ಆಕೆಗೆ ಅಷ್ಟಾದರೂ ಸಿಕ್ಕಿತ್ತು. ನನ್ನ ಅಣ್ಣ ತನ್ನ ದನಿಗೆ ತಾನೇ ದುಡ್ಡು ತೆತ್ತರು!

ನಮ್ಮ ದೇಶದಲ್ಲೂ ಕಾನೂನಿದೆ. 2012ರ ತಿದ್ದುಪಡಿಯಂತೆ ಮೂಲ ಹಾಡು ಮುದ್ರಣವಾದ ವರ್ಷ ಮುಗಿದು ಐದು ವರ್ಷ ಕಳೆಯಬೇಕು, ಮುಂಚಿತವಾಗಿ ರಾಯಲ್ಟಿ ಕಟ್ಟಬೇಕು, ಇದು ಕವರ್ ಹಾಡು ಅಂತ ಹೊದಿಕೆಯ ಮೇಲೆ ಬರೆಯಲೇಬೇಕು. ಇದೆಲ್ಲ ಅಂಗಡಿ ಹುಡುಗನಿಗೆ ಎಲ್ಲಿ ಗೊತ್ತಿತ್ತು ಅಂತ ತಪ್ಪಿಸಿಕೊಳ್ಳಬಹುದು. ಆದರೆ ಆ ಅಣ್ಣ ಮೈಕ್ ಹಿಡಿದು ಮಾಡುತ್ತಿದ್ದದ್ದನ್ನು ನಾನು ವರ್ಷಗಟ್ಟಲೆ ಕಣ್ಣಾರೆ ನೋಡಿದ್ದೆನಲ್ಲ? ಅದಕ್ಕೆ ಕಾನೂನು ಓದಬೇಕಾಗಿರಲಿಲ್ಲ.

ಹಾಗಾಗಿ ಗೆಳೆಯರೇ, ಹಳೆ ಹಾಡನ್ನು ಹೊಸದಾಗಿ ಹಾಡಿ. ತಿರುವಿ ಹಾಕಿ, ಕುಣಿಸಿ. ಅರೀಥಾ ಮಾಡಿದಳು, ಹೆಂಡ್ರಿಕ್ಸ್ ಮಾಡಿದ. ಆದರೆ ಹಾಡಿನ ಜೊತೆಗೆ ಹಾಡಿದವನ ಹೆಸರನ್ನೂ ಎತ್ತಿಕೊಂಡು ಹೋಗಿ. ಅದರ ಭಾರ ಏನೂ ಹೆಚ್ಚಿಲ್ಲ.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಅವರನ್ನು ಹುಡುಕಿಕೊಂಡು ಹೋದೆ. ಈಗ ಮದುವೆ ಮನೆಗಳಲ್ಲಿ ಅಪರೂಪಕ್ಕೆ ಹಾಡುತ್ತಾರಂತೆ. ಈ ಲೇಖನ ಓದಿ ಹೇಳಿ, "ನಿಮ್ಮ ಹೆಸರು ಹಾಕ್ತೀನಿ ಅಣ್ಣಾ" ಅಂದೆ. ಕಾಫಿ ಲೋಟ ಕೆಳಗಿಟ್ಟು ನಕ್ಕರು.

"ಹಾಡಿನ ಮೇಲೆ ಹಾಕ್ಬೇಕಾಗಿತ್ತು. ಪೇಪರಿನಾಗೆ ಯಾಕೆ? ಬೇಡ ಬಿಡು."

ಅದಕ್ಕೇ ಈ ಪುಟದಲ್ಲೂ ಅವರ ಹೆಸರಿಲ್ಲ.