ತಿಥಿ, ಪಹಣಿ ಮತ್ತು ಒಂದು ಹೆಬ್ಬೆಟ್ಟು

'ತಿಥಿ' ನೋಡಿದ್ದೀರಲ್ಲ? ಈರೇಗೌಡರು ಬರೆದು, ರಾಮ್ ರೆಡ್ಡಿ ನಿರ್ದೇಶಿಸಿ, 2015ರಲ್ಲಿ ಲೊಕಾರ್ನೊದಲ್ಲಿ ಪ್ರಶಸ್ತಿ ಪಡೆದು 2016ರಲ್ಲಿ ಇಲ್ಲಿ ತೆರೆಕಂಡ ಚಿತ್ರ. ಸೆಂಚುರಿ ಗೌಡ ಸತ್ತ ಮೇಲೆ ಮೊಮ್ಮಗ ತಮ್ಮಣ್ಣನಿಗೆ ಐದು ಎಕರೆ ಮಾರುವ ಆತುರ. ಅಪ್ಪ ಗಡ್ಡಪ್ಪನಿಗೋ ಜಮೀನಿನ ಗೊಡವೆಯೇ ಬೇಡ. ಸರಿ, ಬದುಕಿರುವ ಅಪ್ಪನಿಗೇ ಮರಣಪತ್ರ ಮಾಡಿಸುತ್ತಾನೆ!

ಮಂಡ್ಯ ಕಡೆಯ ಹಳ್ಳಿಯವರೇ ಪಾತ್ರಧಾರಿಗಳು, ಮಾತೂ ಅವರದೇ. ಮುಗ್ಧ ರೈತ, ಪೆದ್ದ ಹಳ್ಳಿಗ ಅನ್ನುವ ಹಳೇ ಅಚ್ಚು ಇಲ್ಲಿಲ್ಲ. ಸುಳ್ಳು ಹೇಳುತ್ತಾರೆ, ಸಾಲ ಮಾಡುತ್ತಾರೆ, ಕುರಿ ಕದಿಯುತ್ತಾರೆ. (ನಮ್ಮ ಸೂಲಿಬೆಲೆ ಕಡೆಯ ತೆಲುಗು ಬೆರೆತ ಕನ್ನಡಕ್ಕೆ ಈ ಯೋಗ ಯಾವಾಗಲೋ..)

ಎರಡನೇ ಸಲ ನೋಡುವಾಗ ನಾನು ಹುಡುಕಿದ್ದು ಹೆಂಗಸರನ್ನು. ಕಥೆಯೆಲ್ಲ ತಾತ, ಮಗ, ಮೊಮ್ಮಗ, ಮರಿಮಗನದು. ಗಡ್ಡಪ್ಪ ಮನೆ ಬಿಟ್ಟು ಅಲೆಯುವುದರ ಹಿಂದೆ ಹೆಂಡತಿಯ ಕಥೆಯಿದೆ. ಅದನ್ನು ಅವನು ಕುರಿಗಾಹಿಗಳಿಗೆ ಹೇಳುತ್ತಾನೆ. ಅವಳ ಮುಖ ನಮಗೆ ಕಾಣುವುದಿಲ್ಲ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಸುತ್ತಮುತ್ತಲೂ ಪಹಣಿ ಹಿಡಿದು ಓಡಾಡುವ ತಮ್ಮಣ್ಣಂದಿರಿಗೆ ಬರವಿಲ್ಲ. ಪಿತ್ರಾರ್ಜಿತ ಜಮೀನಿನಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು 2005ರಲ್ಲಿ ದೇಶಕ್ಕೆಲ್ಲ ಕಾನೂನಾಯಿತು. ಆಮೇಲೆ ಅಕ್ಕತಂಗಿಯರ ಸಹಿಯಿಲ್ಲದೆ ಕೊಳ್ಳುವವರು ಒಪ್ಪಲಿಲ್ಲ. ನಮ್ಮತ್ತೆಯನ್ನೂ ಕಾರಲ್ಲಿ ಕರೆತಂದು, ಒಂದು ಸೀರೆ ಕೊಟ್ಟು, ರಿಜಿಸ್ಟ್ರಾರ್ ಆಫೀಸಿನಲ್ಲಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಎಷ್ಟಕ್ಕೆ ಹೋಯಿತು ಅಂತ ಅವರಿಗೆ ಇವತ್ತಿಗೂ ಗೊತ್ತಿಲ್ಲ. "ಸೀರೆ ಬಣ್ಣ ಬಿಡ್ತು ಕಣೋ" ಅಂತ ನಗುತ್ತಾರೆ.

ಅತ್ತೆಯಂಥವರನ್ನು ನಡುವೆ ಕೂರಿಸಿ ಇದೇ ಮೋಸದ ಕಥೆ ಹೇಳಿದರೂ ನಗುವಿಗೇನೂ ಕೊರತೆಯಾಗದು. ಅಂಥ ಕನ್ನಡ ಸಿನಿಮಾ ನಿಮಗೆ ಗೊತ್ತಿದ್ದರೆ ಹೇಳಿ, ಅವರಿಗೂ ತೋರಿಸಬೇಕು.