ಲೇತಿನ ಮುಂದೆ ಕೂತ ಮಕ್ಕಳು

ಟೋಕಿಯೊದಲ್ಲಿರುವ ತಮ್ಮನ ಮಕ್ಕಳು ರಜೆಗೆ ಬೆಂಗಳೂರಿನ ವಿಜಯನಗರದ ನಮ್ಮ ಮನೆಗೆ ಬರುವಾಗ ಕೊಕೇಶಿ ಬೊಂಬೆ ತಂದಿದ್ದರು. ಕೈಕಾಲಿಲ್ಲ, ದುಂಡು ತಲೆ. ತಲೆ ತಿರುಗಿಸಿದರೆ ಕೀಚ್ ಎನ್ನುತ್ತದೆ. ಜಪಾನಿನ ಈಶಾನ್ಯಕ್ಕಿರುವ ನಾರುಕೊ ಎಂಬ ಬಿಸಿನೀರ ಬುಗ್ಗೆಗಳ ಊರಿಗೆ ಮನೆಮಂದಿಯೆಲ್ಲ ಹೋದಾಗ, ಕುಶಲಕರ್ಮಿಯೊಬ್ಬರ ಪಕ್ಕದಲ್ಲಿ ಕೂತು ಮಕ್ಕಳೇ ಅದಕ್ಕೆ ಬಣ್ಣ ಹಚ್ಚಿದ್ದರು. "ಅತ್ತೆ, ಇಲ್ಲೂ ಹೀಗೆ ಕಲಿಸ್ತಾರಾ?" ಎಂದಳು ಚಿಕ್ಕವಳು. ಮಾರನೆಯ ಬೆಳಗ್ಗೆಯೇ ಕೆಂಗೇರಿಯಲ್ಲಿ ರೈಲು ಹತ್ತಿ ಎಲ್ಲರೂ ಚನ್ನಪಟ್ಟಣಕ್ಕೆ ಹೊರಟೆವು.

ಅಲ್ಲಿನ ಕೆಲಸದ ಮನೆಯಲ್ಲಿ ಆಲೆಮರದ ತುಂಡು ಲೇತಿಗೆ ಸಿಕ್ಕಿಕೊಂಡು ಗಿರ್ರನೆ ಸುತ್ತುತ್ತಿತ್ತು. ಉಳಿ ಸೋಕಿದಲ್ಲೆಲ್ಲ ಬಿಳಿ ಸಿಪ್ಪೆ ಸುರುಳಿಯಾಗಿ ಹಾರುತ್ತಿತ್ತು. ಕುಂಚವಿಲ್ಲ, ಬಣ್ಣದ ಡಬ್ಬಿಯಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಸುತ್ತುವ ಮರಕ್ಕೆ ಒತ್ತಿದರೆ ತಿಕ್ಕಾಟದ ಬಿಸಿಗೇ ಅರಗು ಕರಗಿ ಮರವನ್ನು ಹಿಡಿಯುತ್ತದೆ. "ಗಟ್ಟಿಯಾಗಿ ಒತ್ತಬೇಡ ಪುಟ್ಟಿ, ಅದೇ ಕರಗ್ತದೆ" ಎಂದು ಲೇತಿನ ಮುಂದಿದ್ದ ಹೆಂಗಸು ಹುಡುಗಿಯ ಮಣಿಕಟ್ಟನ್ನು ಹಿಡಿದುಕೊಂಡರು. ಕೆಂಪು ಪಟ್ಟಿ ಮೂಡಿತು, ಮೊದಲು ಮಂಕಾಗಿ, ಗೀರುಗೀರಾಗಿ. ಆಮೇಲೆ ಒಣಗಿದ ತಾಳೆಗರಿಯ ತುಂಡನ್ನು ಮಡಿಸಿ ಒತ್ತಿದ್ದೇ ತಡ, ಕನ್ನಡಿಯ ಹೊಳಪು ಬಂತು.

ಜಪಾನಿನ ಉರುಶಿ ಅರಗು ಬೇರೆಯೇ. ಅದು ಮರದ ರಸ. ಹಸಿಯಾಗಿ ಮೈಗೆ ತಾಗಿದರೆ ತುರಿಕೆ ಏಳುತ್ತದೆ, ಗಟ್ಟಿಯಾಗಲು ತೇವದ ಗಾಳಿ ಬೇಕು, ಪದರದ ಮೇಲೆ ಪದರಕ್ಕೆ ವಾರಗಟ್ಟಲೆ ಕಾಯಬೇಕು. ನಮ್ಮದು ಹುಳು ಕೊಡುವ ಅರಗು, ಆರಿದೊಡನೆ ಗಟ್ಟಿ. ಹಾಗಾಗಿಯೇ ಮಗುವೊಂದು ಒಂದೇ ಸಲ ಕೂತು ಬುಗುರಿ ಮುಗಿಸಿ ಆಡಿಸಬಹುದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಾವಾಸ್ ಮಿಯಾ ಎಂಬುವರು ಜಪಾನಿನ ಬೊಂಬೆ ಕೆಲಸದ ವಿಧಾನಗಳನ್ನು ಇಲ್ಲಿನವರಿಗೆ ಕಲಿಸಿದರೆಂದು ಚನ್ನಪಟ್ಟಣದಲ್ಲಿ ನೆನೆಯುತ್ತಾರೆ. ಮಕ್ಕಳ ಕೊಕೇಶಿಯನ್ನು ಕೈಗೆತ್ತಿಕೊಂಡ ಆ ಹೆಂಗಸು ಕತ್ತನ್ನೇ ನೋಡಿದರು. ನಾರುಕೊದವರು ಲೇತಿನಲ್ಲಿ ಸುತ್ತುತ್ತಿರುವಾಗಲೇ ತಲೆಯನ್ನು ಮೈಯೊಳಕ್ಕೆ ಒತ್ತಿ ಕೂರಿಸುತ್ತಾರೆ, ಅಂಟು ಹಾಕುವುದಿಲ್ಲ. ಹಾಗೆಂದಾಗ ಅವರು ತಲೆಯಾಡಿಸಿ, "ತಿಕ್ಕಿದ ಬಿಸಿಗೇ ಹಿಡಿಸಿದಾರೆ, ನಮ್ಮ ಕೆಲಸಾನೇ" ಎಂದರು. ಎಷ್ಟೋ ಪುಸ್ತಕ ಓದಿದರೂ ನನಗೆ ಇಷ್ಟು ಹತ್ತಿರದಿಂದ ಕಾಣದ ನೆಂಟಸ್ತನ ಅವರ ಬೆರಳಿಗೆ ತಕ್ಷಣ ತಿಳಿಯಿತು.

2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಚನ್ನಪಟ್ಟಣದ ಹೊರಗೇ ಸಾಗುತ್ತದೆ. ಹಳೇ ರಸ್ತೆಯ ಬೊಂಬೆ ಅಂಗಡಿಗಳ ಮುಂದೆ ಮೊದಲಿನಂತೆ ಕಾರು ನಿಲ್ಲುತ್ತಿಲ್ಲ. ನಾರುಕೊದಲ್ಲಿ ಕಲಿಸಿದ ಹೊತ್ತಿಗೂ ದುಡ್ಡು ಕೊಟ್ಟೇ ಬಂದಿದ್ದರು ನಮ್ಮವರು, ಇಲ್ಲೂ ಕೊಟ್ಟೆವು. ಬೊಂಬೆಯ ಬೆಲೆಗೆ ಚೌಕಾಸಿ ಮಾಡುವವರು ಇದನ್ನು ಯೋಚಿಸಬೇಕು. ರಾಜಾಜಿನಗರ, ಬಸವೇಶ್ವರನಗರದ ಶಾಲೆಗಳಿಂದ ಮೈಸೂರು ಅರಮನೆ ನೋಡಲು ಹೋಗುವ ಪ್ರವಾಸದ ಬಸ್ಸುಗಳು ಹೆದ್ದಾರಿ ಬಿಟ್ಟು ಇತ್ತ ತಿರುಗಲಿ; ಮಕ್ಕಳನ್ನು ಒಂದು ಗಂಟೆ ಲೇತಿನ ಮುಂದೆ ಕೂರಿಸಿ, ಕಲಿಸಿದವರಿಗೆ ಆ ಗಂಟೆಯ ಕೂಲಿ ಕೊಡಲಿ.