ಅಪ್ಪಯ್ಯನ ಯಕ್ಷಗಾನಕ್ಕೆ ಎಷ್ಟು ವಾಟ್ ಬೇಕು?

ಆಂಪ್ಲಿಫೈಯರ್ ಕೊಳ್ಳೋಕೆ ಹೊರಟವರೆಲ್ಲ ಮೊದಲು ಕೇಳೋದು ‘ಎಷ್ಟು ವಾಟ್?’ ಅಂತ. ಬಸ್ರೂರಿನ ನಮ್ಮನೆಗೆ ಬೇಕಾದಾಗ ನಂಗೂ ಇದೇ ಪ್ರಶ್ನೆ ಬಂತು. ಹಳೇ ಹೋಮ್ ಥಿಯೇಟರಿನ ಆಂಪ್ಲಿಫೈಯರ್ ಸತ್ತಿತ್ತು, ಸ್ಪೀಕರುಗಳು ಗಟ್ಟಿಮುಟ್ಟಾಗಿದ್ದವು. ಅಲ್ಲಿ ಸಿನಿಮಾ ನೋಡೋರು ಯಾರೂ ಇಲ್ಲ. ಅಪ್ಪಯ್ಯ ರಾತ್ರಿ ಯೂಟ್ಯೂಬಿನಲ್ಲಿ ಬಡಗುತಿಟ್ಟಿನ ಯಕ್ಷಗಾನ ಹಾಕಿ ಕೂರ್ತಾರೆ. ಕಿವಿ ಸ್ವಲ್ಪ ಮಂದ. ಟಿವಿಯ ಸ್ಪೀಕರಿನಲ್ಲಿ ಚಂಡೆಯ ಮಧ್ಯೆ ಭಾಗವತರ ಸಾಹಿತ್ಯ ಕಳೆದುಹೋಗುತ್ತೆ. “ಪದ ಸಮಾ ಕೇಣ್ತಿಲ್ಲೆ ಮಗಾ” ಅಂತ ಬೆಂಗಳೂರಿಗೆ ಫೋನ್. ಕೊನೆಗೆ ಆಟ ಅರ್ಧಕ್ಕೇ ಬಿಟ್ಟು ಮಲಗೋಕೆ ಶುರು ಮಾಡಿದ್ರು. ಅವರಿಗಿರೋ ಒಂದೇ ಹುಚ್ಚು ಅದು.

ಅಗ್ಗದ ಪುಟ್ಟ ಆಂಪ್ಲಿಫೈಯರುಗಳು ಈಗ ಹೆಚ್ಚಾಗಿ ಕ್ಲಾಸ್-ಡಿ. ‘ಡಿ’ ಅಂದ್ರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದ್ಮೇಲೆ ಬಂದ ಅಕ್ಷರ ಅಷ್ಟೇ. ಒಳಗಿನ ಟ್ರಾನ್ಸಿಸ್ಟರುಗಳು ಸೆಕೆಂಡಿಗೆ ಲಕ್ಷಾಂತರ ಸಲ ಆನ್-ಆಫ್ ಆಗ್ತವೆ. ಅರ್ಧ ತೆರೆದ ನಲ್ಲಿಯ ಹಾಗೆ ನಿಲ್ಲೋದಿಲ್ಲ, ಹಾಗಾಗಿ ಕರೆಂಟು ಶಾಖವಾಗಿ ಪೋಲಾಗೋದು ಕಡಿಮೆ. ಮಳೆಗಾಲದ ರಾತ್ರಿ ಇನ್ವರ್ಟರ್ ನಂಬಿರೋ ಮನೆಗೆ ಇದು ದೊಡ್ಡ ಗುಣ.

ನಾನು ಆರಿಸಿದ್ದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರೋ ಪುಟ್ಟ ಡಬ್ಬಿ. 2×50 ವಾಟ್ ಅನ್ನೋದು 21 ವೋಲ್ಟ್ ಕೊಟ್ಟು, 4 ಓಮ್ ಸ್ಪೀಕರ್ ಹಾಕಿ, ದನಿ ಶೇ. 10ರಷ್ಟು ಕೆಟ್ಟಾಗಿನ ಲೆಕ್ಕ. ಅದೇ ಡಬ್ಬಿಗೆ 12 ವೋಲ್ಟ್ ಅಡಾಪ್ಟರ್ ಹಾಕಿದ್ರೆ ಸ್ವಚ್ಛ ದನಿ 18 ವಾಟ್ ದಾಟೋಲ್ಲ. ಹಾಗಾಗಿ ಮೊದಲು ಅಡಾಪ್ಟರ್ ನೋಡಿ, ಸ್ಪೀಕರಿನ ಹಿಂದೆ ಬರೆದಿರೋ ಓಮ್ ನೋಡಿ. ನನ್ನ ಹಳೇ ಲ್ಯಾಪ್‌ಟಾಪಿನ 19 ವೋಲ್ಟ್ ಚಾರ್ಜರ್ ಇಲ್ಲಿ ಕೆಲಸಕ್ಕೆ ಬಂತು. ಒಂದು ಎಚ್ಚರಿಕೆ: ಇಂಥ ಡಬ್ಬಿಯಲ್ಲಿ ಎರಡು ಸ್ಪೀಕರುಗಳ ಮೈನಸ್ ವಯರುಗಳನ್ನ ಒಟ್ಟಿಗೆ ಸೇರಿಸಬಾರದು, ಚಿಪ್ ಸುಡಬಹುದು.

ಇನ್ನು ವಾಟ್ ವಿಚಾರ. 50 ಇದ್ದದ್ದನ್ನ 100 ಮಾಡಿದ್ರೆ ಸಿಗೋದು 3 ಡೆಸಿಬೆಲ್, ಕಿವಿಗೆ ‘ಸ್ವಲ್ಪ ಜೋರು’ ಅಷ್ಟೇ. ಸ್ಪೀಕರನ್ನ 12 ಅಡಿಯಿಂದ 6 ಅಡಿಗೆ ತಂದ್ರೆ ಬಯಲಲ್ಲಿ 6 ಡೆಸಿಬೆಲ್. ಕೋಣೆಯೊಳಗೆ ಅಷ್ಟಿಲ್ಲದಿದ್ರೂ ಗೋಡೆಯ ಪ್ರತಿಧ್ವನಿ ಹಿಂದೆ ಸರಿದು ಅಕ್ಷರ ಸ್ಪಷ್ಟವಾಗುತ್ತೆ. ಗೋಡೆ ಮೇಲಿದ್ದ ಎರಡು ಸ್ಪೀಕರುಗಳನ್ನ ಇಳಿಸಿ, ಅಪ್ಪಯ್ಯನ ಕುರ್ಚಿಯ ಹತ್ತಿರ, ಕಿವಿಯ ಎತ್ತರಕ್ಕೆ ಇಟ್ಟೆ. ಬಾಸ್ ಕಡಿಮೆ ಮಾಡಿದೆ.

ಈಗ ಫೋನಿನಲ್ಲಿ ದೂರಿಲ್ಲ. ಯಾವ ಪದ ಹೇಗಿತ್ತು ಅನ್ನೋ ವಿಮರ್ಶೆ ಬರುತ್ತೆ, ಅದೂ ನನ್ನ ಮೀಟಿಂಗ್ ಹೊತ್ತಿಗೇ.

ನೀವೂ ಊರಲ್ಲಿರೋ ಹಿರಿಯರಿಗೆ ಅಂತ ಕೊಳ್ಳೋದಾದ್ರೆ ಸಣ್ಣ ಡಬ್ಬಿಯನ್ನೇ ಕೊಳ್ಳಿ ಮಾರಾಯ್ರೆ. ಉಳಿದ ದುಡ್ಡಿಗೆ ಉದ್ದದ ವಯರ್ ತಗೊಳ್ಳಿ.